ಹಾಡಿದವನನ್ನು ಮರೆತ ಹಾಡುಗಳು

ಧ್ವನಿಮುದ್ರಿಕೆಯೊಂದನ್ನು ಕೈಗೆತ್ತಿಕೊಂಡಾಗ ನಾವು ಮುಖಪುಟದ ಚಿತ್ರ ನೋಡುತ್ತೇವೆ, ಹಾಡುಗಾರನ ಹೆಸರು ನೋಡುತ್ತೇವೆ. ಹಿಂಬದಿಯಲ್ಲಿ ಇರುವೆ ಸಾಲಿನಂತೆ ಮುದ್ರಿಸಿರುವ ಸಣ್ಣ ಅಕ್ಷರಗಳನ್ನು ಓದುವವರು ಕಡಿಮೆ. ಹಾಡು ಬರೆದವರು ಯಾರು, ಹಕ್ಕು ಯಾರದು, ಯಾವ ಕಂಪೆನಿ ಯಾರಿಂದ ಪಡೆದು ಮಾರುತ್ತಿದೆ ಎಂಬ ವಿವರಗಳೆಲ್ಲ ಇರುವುದು ಅಲ್ಲಿಯೇ. ಅಮೆರಿಕದ ಡೆಟ್ರಾಯ್ಟ್ ನಗರದ ಗಾಯಕ, ಗೀತರಚನೆಕಾರ ಸಿಕ್ಸ್ಟೊ ರೊಡ್ರಿಗಸ್‌ರ 'ಕೋಲ್ಡ್ ಫ್ಯಾಕ್ಟ್' ಆಲ್ಬಮ್‌ನ ಚರಿತ್ರೆಯನ್ನು ಅರಿಯಬೇಕಾದರೆ ಈ ಸಣ್ಣ ಅಕ್ಷರಗಳನ್ನೇ ಓದಬೇಕು.

ರೊಡ್ರಿಗಸ್ ಹುಟ್ಟಿದ್ದು 1942ರಲ್ಲಿ, ಮೆಕ್ಸಿಕೊ ಮೂಲದ ಕಾರ್ಮಿಕ ಕುಟುಂಬವೊಂದರಲ್ಲಿ. ಆರನೆಯ ಮಗುವಾದ್ದರಿಂದ ಸಿಕ್ಸ್ಟೊ ಎಂಬ ಹೆಸರು ಬಂತು. 1967ರಲ್ಲಿ ಇಂಪ್ಯಾಕ್ಟ್ ಎಂಬ ಸಣ್ಣ ಕಂಪೆನಿ ಅವರ ಮೊದಲ ಹಾಡನ್ನು ಹೊರತಂದಾಗ ಹೆಸರನ್ನು ಎರಡು ತುಂಡು ಮಾಡಿ 'ರಾಡ್ ರಿಗಸ್' ಎಂದು ಅಚ್ಚು ಹಾಕಿತ್ತು. ಮೆಕ್ಸಿಕನ್ ಹೆಸರು ಅಂಗಡಿಯಲ್ಲಿ ಓಡುವುದಿಲ್ಲವೆಂಬ ಲೆಕ್ಕಾಚಾರವಿರಬೇಕು. ಅದೇ ವರ್ಷ ಜುಲೈಯಲ್ಲಿ ಡೆಟ್ರಾಯ್ಟ್ ಹೊತ್ತಿ ಉರಿಯಿತು. ಪೊಲೀಸರ ಮತ್ತು ಕರಿಯ ಜನರ ನಡುವಿನ ಸಂಘರ್ಷದಲ್ಲಿ 43 ಮಂದಿ ಸತ್ತರು. 'ಕೋಲ್ಡ್ ಫ್ಯಾಕ್ಟ್'ನ ಹಾಡುಗಳು ಆ ಬೂದಿಯ ಪಕ್ಕದಲ್ಲಿ ಹುಟ್ಟಿದವು. ಕೆಲಸವಿಲ್ಲದ ಬೀದಿಗಳು, ಕೊಳೆಯುತ್ತಿರುವ ನಗರಾಡಳಿತ, ಮಾದಕವಸ್ತು ಮಾರುವವನ ಬಳಿ ಮರೆವು ಕೊಳ್ಳಲು ಬಂದವನು, ಶ್ರೀಮಂತರ ಸೋಗು. ಪ್ರತಿಭಟನೆಯ ಹಾಡು ಎಂದೊಡನೆ ನೆನಪಾಗುವ ಘೋಷಣೆಯ ಅಬ್ಬರ ಇಲ್ಲಿಲ್ಲ. ಕಂಡದ್ದನ್ನು ಕಂಡಂತೆ ಹೇಳುವ, ತುಸು ವ್ಯಂಗ್ಯ ಬೆರೆತ ಒಂದು ಮೆಲುದನಿ, ಜೊತೆಗೆ ಗಿಟಾರ್.

1969ರಲ್ಲಿ ಮುದ್ರಣವಾಗಿ 1970ರ ಮಾರ್ಚ್‌ನಲ್ಲಿ ಸಸೆಕ್ಸ್ ರೆಕಾರ್ಡ್ಸ್ ಮೂಲಕ ಆಲ್ಬಮ್ ಹೊರಬಂತು. ನಿರ್ಮಾಪಕರು ಮೈಕ್ ಥಿಯೊಡೋರ್ ಮತ್ತು ಡೆನಿಸ್ ಕಾಫಿ. ಹನ್ನೆರಡು ಹಾಡುಗಳಲ್ಲಿ ಹತ್ತು ರೊಡ್ರಿಗಸ್‌ರದ್ದೇ ರಚನೆ. ಆದರೆ ತಟ್ಟೆಯ ಮೇಲಿನ ಸಣ್ಣ ಅಕ್ಷರಗಳಲ್ಲಿ ರಚನಕಾರನೆಂದು ಕಾಣುತ್ತಿದ್ದುದು 'ಜೀಸಸ್ ರೊಡ್ರಿಗಸ್' ಎಂಬ ಹೆಸರು. ಈ ಹೆಸರನ್ನು ನಾವು ನೆನಪಿಟ್ಟುಕೊಳ್ಳೋಣ, ಮುಂದೆ ಅದು ನ್ಯಾಯಾಲಯದಲ್ಲಿ ಎದುರಾಗುತ್ತದೆ.

ಅಮೆರಿಕದಲ್ಲಿ ಆಲ್ಬಮ್ ಮಾರಾಟವಾಗಲೇ ಇಲ್ಲ ಎನ್ನಬೇಕು. ಸಸೆಕ್ಸ್‌ನ ಒಡೆಯ ಕ್ಲಾರೆನ್ಸ್ ಅವಾಂಟ್ ಸಣ್ಣ ಮನುಷ್ಯನೇನಲ್ಲ. ಕರಿಯ ಕಲಾವಿದರಿಗೆ ಅಮೆರಿಕದ ಸಂಗೀತೋದ್ಯಮದ ಬಾಗಿಲು ತೆರೆದವರಲ್ಲಿ ಅವರು ಪ್ರಮುಖರು. ಅದೇ ಕಂಪೆನಿಯಿಂದ 1971ರಲ್ಲಿ ಬಂದ ಬಿಲ್ ವಿದರ್ಸ್ ದೇಶಕ್ಕೆಲ್ಲ ಪರಿಚಿತರಾದರು. ರೊಡ್ರಿಗಸ್‌ಗೆ ಆ ಭಾಗ್ಯ ಸಿಗಲಿಲ್ಲ. ಲಂಡನ್ನಿನಲ್ಲಿ ಮುದ್ರಿಸಿದ ಎರಡನೆಯ ಆಲ್ಬಮ್ ಕೂಡ ಸೋತಿತು, ಕಂಪೆನಿ ಅವರನ್ನು ಕೈಬಿಟ್ಟಿತು. 1975ರಲ್ಲಿ ಕಂಪೆನಿಯೇ ಮುಚ್ಚಿತು. ರೊಡ್ರಿಗಸ್ ಹಳೆಯ ಕಟ್ಟಡಗಳನ್ನು ಕೆಡವುವ, ಮನೆ ದುರಸ್ತಿ ಮಾಡುವ ಕೂಲಿ ಕೆಲಸ ಹಿಡಿದರು. ನಡುವೆ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪದವಿ ಪಡೆದರು, ಸ್ಥಳೀಯ ಚುನಾವಣೆಗೂ ನಿಂತು ಸೋತರು.

ಇತ್ತ ತಟ್ಟೆಗಳು ಒಡೆಯನಿಲ್ಲದ ದೋಣಿಯಂತೆ ಎರಡು ಖಂಡಗಳ ದಡ ಸೇರಿದ್ದವು.

ದಕ್ಷಿಣ ಆಫ್ರಿಕಾದ ಕತೆ ಸ್ವಲ್ಪ ವಿವರವಾಗಿ ಹೇಳುವಂಥದ್ದು. 1971ರಲ್ಲಿ ಅಲ್ಲಿ ಆಲ್ಬಮ್ ಬಿಡುಗಡೆಯಾದಾಗ ವರ್ಣಭೇದ ಆಡಳಿತ ಉಚ್ಛ್ರಾಯದಲ್ಲಿತ್ತು. ಜನರ ಮನಸ್ಸು ಕೆಡುತ್ತದೆಂಬ ಭಯದಿಂದ 1976ರವರೆಗೆ ದೇಶಕ್ಕೆ ಟೆಲಿವಿಷನ್ನನ್ನೇ ತರದಿದ್ದ ಸರಕಾರವದು. ಮಾದಕವಸ್ತುವಿನ ಪ್ರಸ್ತಾಪವಿದ್ದ 'ಶುಗರ್ ಮ್ಯಾನ್' ಹಾಡು ಸರಕಾರಿ ರೇಡಿಯೊಗೆ ನಿಷಿದ್ಧವಾಯಿತು. ಯಾರೂ ತಪ್ಪಿಯೂ ನುಡಿಸಬಾರದೆಂದು ತಟ್ಟೆಯ ಆ ಹಾಡಿನ ಗೆರೆಗಳನ್ನೇ ಚೂಪಾದ ಉಪಕರಣದಿಂದ ಗೀಚಿ ಹಾಳು ಮಾಡಲಾಗಿತ್ತು. ನಿಷೇಧ ಎಲ್ಲೆಡೆ ಮಾಡುವ ಕೆಲಸವನ್ನೇ ಅಲ್ಲಿಯೂ ಮಾಡಿತು. ಹಾಡು ಮನೆಯಿಂದ ಮನೆಗೆ, ಹಾಸ್ಟೆಲಿನಿಂದ ಹಾಸ್ಟೆಲಿಗೆ ಹರಡಿತು. ಕಡ್ಡಾಯ ಸೇನಾಸೇವೆಗೆ ಸಿಕ್ಕಿ ನಮೀಬಿಯಾ, ಅಂಗೋಲಾ ಗಡಿಗೆ ಹೋದ ಬಿಳಿಯ ಯುವಕರು ಕ್ಯಾಸೆಟ್ ಮಾಡಿಕೊಂಡು ಕೇಳಿದರು. 1980ರ ದಶಕದ ಕೊನೆಯಲ್ಲಿ ತಮ್ಮದೇ ಸರಕಾರವನ್ನು ಆಫ್ರಿಕಾನ್ಸ್ ಭಾಷೆಯಲ್ಲೇ ಲೇವಡಿ ಮಾಡಿ ಹಾಡಿದ ತರುಣರೂ ರೊಡ್ರಿಗಸ್‌ರ ಋಣವನ್ನು ಒಪ್ಪಿಕೊಂಡಿದ್ದಾರೆ.

ಆದರೆ ಇಲ್ಲೊಂದು ಮಾತು ಹೇಳಲೇಬೇಕು. ಈ ಹಾಡುಗಳು ವರ್ಣಭೇದವನ್ನು ಉರುಳಿಸಿದವೆಂಬಂತೆ ಕೆಲವರು ಬರೆಯುತ್ತಾರೆ. ಅದನ್ನು ಉರುಳಿಸಿದ್ದು ಸೊವೆಟೊದ ಮಕ್ಕಳು, ಗಣಿ ಕಾರ್ಮಿಕರು, ಜೈಲುಗಳಲ್ಲಿ ಆಯುಷ್ಯ ಕಳೆದ ನಾಯಕರು. ಅವರ ಹಾಡುಗಳು ಬೇರೆಯೇ ಇದ್ದವು. ರೊಡ್ರಿಗಸ್‌ರ ಕೇಳುಗರು ಬಹುತೇಕ ಬಿಳಿಯ ಮಧ್ಯಮವರ್ಗದವರು. ಪ್ರಭುತ್ವವನ್ನು ಪ್ರಶ್ನಿಸಬಹುದು ಎಂಬ ಸರಳ ಸಂಗತಿ ಆ ಮನೆಗಳ ಮಕ್ಕಳಿಗೆ ಈ ತಟ್ಟೆಯಿಂದ ಮೊದಲ ಬಾರಿ ತಿಳಿಯಿತು. ಅಷ್ಟು ಸಾಲದೇ?

ವಿಚಿತ್ರವೆಂದರೆ ಹಾಡುಗಾರ ಯಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ವೇದಿಕೆಯಲ್ಲೇ ಬೆಂಕಿ ಹಚ್ಚಿಕೊಂಡು ಸತ್ತನೆಂದು ಒಬ್ಬರು, ಗುಂಡು ಹಾರಿಸಿಕೊಂಡನೆಂದು ಇನ್ನೊಬ್ಬರು. ಅದೇ ಸಮಯಕ್ಕೆ ಆಸ್ಟ್ರೇಲಿಯಾದಲ್ಲಿ ಬ್ಲೂ ಗೂಸ್ ಎಂಬ ಕಂಪೆನಿ ಹಕ್ಕು ಪಡೆದು ಹಾಡುಗಳನ್ನು ಮರುಬಿಡುಗಡೆ ಮಾಡಿತ್ತು. ರೊಡ್ರಿಗಸ್ 1979ರಲ್ಲೂ 1981ರಲ್ಲೂ ಅಲ್ಲಿಗೆ ಹೋಗಿ ಹಾಡಿ ಬಂದಿದ್ದರು. ಆ ಕಛೇರಿಗಳ ಮುದ್ರಿಕೆಗೆ ಇಟ್ಟ ಹೆಸರು 'ಅಲೈವ್', ಎಂದರೆ 'ಜೀವಂತ'! ಬಹಿಷ್ಕಾರಕ್ಕೆ ಒಳಗಾದ ದೇಶಕ್ಕೆ ಮಾತ್ರ ಆ ಸುದ್ದಿ ತಲುಪಲಿಲ್ಲ.

ಹುಡುಕಾಟಕ್ಕೆ ದಾರಿಯಾದದ್ದೂ ಒಂದು ಮರುಮುದ್ರಣವೇ. 1996ರಲ್ಲಿ ಎರಡನೆಯ ಆಲ್ಬಮ್ ದಕ್ಷಿಣ ಆಫ್ರಿಕಾದಲ್ಲಿ ಸಿ.ಡಿ.ಯಾಗಿ ಬಂದಾಗ ಕೇಪ್‌ಟೌನ್‌ನ ಸ್ಟೀಫನ್ ಸೆಗರ್‌ಮನ್ ಅದರ ಟಿಪ್ಪಣಿ ಬರೆಯುತ್ತ, ಈ ಗಾಯಕನನ್ನು ಪತ್ತೆಹಚ್ಚುವ ಪತ್ತೇದಾರರಿಲ್ಲವೇ ಎಂಬರ್ಥದಲ್ಲಿ ಕೇಳಿದ್ದರು. ಪತ್ರಕರ್ತ ಕ್ರೇಗ್ ಬಾರ್ತಲೊಮ್ಯೂ ಸ್ಟ್ರೈಡಮ್ ಅದನ್ನು ಸವಾಲಾಗಿ ತೆಗೆದುಕೊಂಡರು. ಒಂದು ಹಾಡಿನಲ್ಲಿ ಬರುವ ಡಿಯರ್‌ಬೋರ್ನ್ ಎಂಬ ಊರಿನ ಹೆಸರು ಅವರನ್ನು ಡೆಟ್ರಾಯ್ಟ್‌ಗೆ ಕರೆದೊಯ್ಯಿತು. (ಫೋರ್ಡ್ ಕಾರುಗಳ ಊರಾದ ಡಿಯರ್‌ಬೋರ್ನ್ ಇಂದು ಅಮೆರಿಕದ ಅರಬರ ದೊಡ್ಡ ನೆಲೆ ಎಂಬುದನ್ನು ಓದುಗರು ಬಲ್ಲರು.) 1997ರಲ್ಲಿ ನಿರ್ಮಾಪಕ ಥಿಯೊಡೋರ್ ದೂರವಾಣಿಯಲ್ಲಿ ಸಿಕ್ಕರು. ರೊಡ್ರಿಗಸ್ ಬದುಕಿದ್ದಾರೆಂದು ತಿಳಿಯಿತು. 1998ರ ಮಾರ್ಚ್‌ನಲ್ಲಿ ಕೇಪ್‌ಟೌನ್ ಬಳಿಯ ಬೆಲ್‌ವಿಲ್‌ನಲ್ಲಿ ಅವರು ವೇದಿಕೆ ಏರಿದಾಗ ಕ್ರೀಡಾಂಗಣ ತುಂಬಿತ್ತು. ಆ ಹೊತ್ತಿಗೆ ಮಂಡೇಲಾ ಅಧ್ಯಕ್ಷರಾಗಿ ನಾಲ್ಕು ವರ್ಷವಾಗುತ್ತ ಬಂದಿತ್ತು.

ಹುಟ್ಟಿದ ನಾಡಿನ ಬಾಗಿಲು ತೆರೆಯಲು ಇನ್ನೂ ಹತ್ತು ವರ್ಷ ಬೇಕಾಯಿತು. 2008ರಲ್ಲಿ ಲೈಟ್ ಇನ್ ದಿ ಆಟಿಕ್ ಎಂಬ ಸಿಯಾಟಲ್‌ನ ಕಂಪೆನಿ ಅವಾಂಟ್ ಅವರಿಂದ ಹಕ್ಕು ಪಡೆದು 'ಕೋಲ್ಡ್ ಫ್ಯಾಕ್ಟ್'ನ್ನು ಮರುಬಿಡುಗಡೆ ಮಾಡಿತು. ಸ್ವೀಡನ್ನಿನ ಮಲಿಕ್ ಬೆಂಜಲೂಲ್ 2012ರಲ್ಲಿ ನಿರ್ಮಿಸಿದ 'ಸರ್ಚಿಂಗ್ ಫಾರ್ ಶುಗರ್ ಮ್ಯಾನ್' ಸಾಕ್ಷ್ಯಚಿತ್ರ ಮರುವರ್ಷ ಆಸ್ಕರ್ ಗೆದ್ದಿತು. ರೊಡ್ರಿಗಸ್ ಸಮಾರಂಭಕ್ಕೆ ಹೋಗಲಿಲ್ಲ. ಚಿತ್ರ ಮನಮುಟ್ಟುವಂತಿದೆ, ನಿಜ. ಆದರೆ ಆಸ್ಟ್ರೇಲಿಯಾದ ಅಧ್ಯಾಯವನ್ನು ಅದು ಪೂರ್ತಿ ಬಿಟ್ಟಿದೆ. ಮರೆಯಾದವನು ಮರಳಿ ಬಂದ ಕತೆ ಅಂದಗೆಡಬಾರದೆಂದು ಸಾಕ್ಷ್ಯಚಿತ್ರವೊಂದು ಸಾಕ್ಷ್ಯವನ್ನೇ ಬದಿಗಿಟ್ಟದ್ದು ನಮಗೆ ಒಪ್ಪಿಗೆಯಾಗದು.

ಚಿತ್ರ ಕೇಳಿದ ಮುಖ್ಯ ಪ್ರಶ್ನೆ ಹಣದ್ದು. ದಕ್ಷಿಣ ಆಫ್ರಿಕಾದಲ್ಲಿ ವರ್ಷಗಟ್ಟಲೆ ಮಾರಾಟವಾದ ತಟ್ಟೆಗಳ ರಾಯಧನ ಎಲ್ಲಿ ಹೋಯಿತು? ಅಲ್ಲಿನ ಕಂಪೆನಿಯವರು ಅಮೆರಿಕಕ್ಕೆ ಕಳುಹಿಸಿದೆವೆಂದರು. ಕ್ಯಾಮರಾದ ಮುಂದೆ ಅವಾಂಟ್ ಸಿಡುಕಿದರು, ಲೆಕ್ಕ ಕೊಡಲಿಲ್ಲ. ಚಿತ್ರದ ಹಾಡುಗಳ ಮುದ್ರಿಕೆ ಬಂದಾಗ ಅದರ ಹೊದಿಕೆಯ ಮೇಲೆ, ಇದರ ಮಾರಾಟದಿಂದ ರೊಡ್ರಿಗಸ್‌ಗೆ ರಾಯಧನ ಸಲ್ಲುತ್ತದೆ ಎಂದು ನಮೂದಿಸಬೇಕಾಯಿತು. ಕೂಲಿ ಕೊಡುತ್ತೇವೆಂದು ಅಂಗಡಿಯ ಬಾಗಿಲಿಗೆ ಫಲಕ ಹಾಕಿದಂತೆ!

'ಜೀಸಸ್ ರೊಡ್ರಿಗಸ್' ಮತ್ತೆ ಕಾಣಿಸಿದ್ದು 2014ರಲ್ಲಿ, ಮಿಷಿಗನ್‌ನ ಫೆಡರಲ್ ನ್ಯಾಯಾಲಯದಲ್ಲಿ. 1966ರಲ್ಲೇ ರೊಡ್ರಿಗಸ್‌ರೊಡನೆ ಒಪ್ಪಂದ ಮಾಡಿಕೊಂಡಿದ್ದ ಗೋಂಬಾ ಮ್ಯೂಸಿಕ್ ಸಂಸ್ಥೆ ಅವಾಂಟ್ ವಿರುದ್ಧ ದಾವೆ ಹೂಡಿತು. ಹಾಡುಗಳ ಹಕ್ಕು ತನ್ನದು, ಅದನ್ನು ತಪ್ಪಿಸಲೆಂದೇ ರಚನಕಾರನ ಹೆಸರು ಬದಲಿಸಿ ಮುದ್ರಿಸಲಾಯಿತು ಎಂಬುದು ಅದರ ಆರೋಪ. ಬಡಾವಣೆಯ ಬಡತನವನ್ನು ಹಾಡಿದ ಹಾಡುಗಳಿಗಾಗಿ ಇಬ್ಬರು ಉದ್ಯಮಿಗಳ ವಕೀಲರು ವರ್ಷಗಟ್ಟಲೆ ವಾದಿಸಿದರು.

ಕೀರ್ತಿ ಬಂದ ಮೇಲೂ ರೊಡ್ರಿಗಸ್ ಡೆಟ್ರಾಯ್ಟ್‌ನ ಹಳೆಯ ಮನೆಯನ್ನು ಬಿಡಲಿಲ್ಲ. ಕಛೇರಿಗಳಿಂದ ಬಂದ ಹಣದಲ್ಲಿ ಬಹುಪಾಲನ್ನು ಬಂಧುಮಿತ್ರರಿಗೆ ಹಂಚಿದರೆಂದು ಬಲ್ಲವರು ಹೇಳುತ್ತಾರೆ. ಕಣ್ಣು ಮಂಜಾದ ಮೇಲೂ ಮಕ್ಕಳ ಕೈ ಹಿಡಿದು ವೇದಿಕೆಗೆ ನಡೆದುಬರುತ್ತಿದ್ದರು. 2023ರ ಆಗಸ್ಟ್ 8ರಂದು, 81ನೆಯ ವಯಸ್ಸಿನಲ್ಲಿ ತೀರಿಕೊಂಡರು. ಐದು ದಿನಗಳ ನಂತರ ಲಾಸ್ ಏಂಜಲೀಸ್‌ನಲ್ಲಿ ಕ್ಲಾರೆನ್ಸ್ ಅವಾಂಟ್ ಕೂಡ ನಿಧನರಾದರು, ಅವರಿಗೆ 92 ವರ್ಷ.