ಉಪ್ಪುನೀರಿನ ಕೊಳವೆಗೆ ಎಂಥ ಹರಿವುಮಾಪಕ?

ಉಪ್ಪುಗಾಳಿಗೆ ಕಿಟಕಿಯ ಸರಳು ಸವೆಯುವುದನ್ನು ಕಂಡ ಕರಾವಳಿಯ ಜನರಿಗೆ ಸಮುದ್ರದ ಗುಣವನ್ನು ಹೊಸದಾಗಿ ವಿವರಿಸಬೇಕಿಲ್ಲ. ಪ್ರತಿ ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದ್ದು, ಅದರಲ್ಲಿ 19 ಗ್ರಾಂನಷ್ಟು ಕ್ಲೋರೈಡ್. ಮಂಗಳೂರಿನ ತಣ್ಣೀರುಬಾವಿಯಲ್ಲಿ ಎಂಆರ್‌ಪಿಎಲ್ ನಿರ್ಮಿಸಿರುವ ನಿರ್ಲವಣೀಕರಣ ಘಟಕದಂಥ ಕಡೆಗಳಲ್ಲಿ ಈ ನೀರಿನ ಹರಿವನ್ನು ಸದಾ ಅಳೆಯುತ್ತಿರಬೇಕಾಗುತ್ತದೆ. ಸಮುದ್ರದ ನೀರಿನಿಂದ ತಂಪಾಗುವ ವಿದ್ಯುತ್ ಸ್ಥಾವರದಲ್ಲಂತೂ ಹರಿವು ಕುಸಿದದ್ದು ತಿಳಿಯದಿದ್ದರೆ ಕಂಡೆನ್ಸರ್ ಬಿಸಿಯೇರುತ್ತದೆ.

ಖರೀದಿಯಲ್ಲಿ ಎಡವುವುದು ಬಹುಮಟ್ಟಿಗೆ ‘ಸ್ಟೇನ್‌ಲೆಸ್’ ಎಂಬ ಹೆಸರನ್ನು ನಂಬುವುದರಿಂದ. 316 ದರ್ಜೆಯ ಉಕ್ಕನ್ನು ಕ್ರೋಮಿಯಂ ಆಕ್ಸೈಡಿನ ತೆಳುಪೊರೆ ಕಾಯುತ್ತದೆ. ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಭೇದಿಸಿ ಸೂಜಿಮೊನೆಯಂಥ ಕುಳಿ ಕೊರೆಯುತ್ತದೆ; ಹೊರಗೆ ಹೊಳಪು, ಒಳಗೆ ತೂತು. ಗ್ಯಾಸ್ಕೆಟ್ಟಿನ ಅಡಿಯ ಸಂದು, ಪಂಪು ನಿಂತಾಗ ನಿಲ್ಲುವ ನೀರು ಇದಕ್ಕೆ ಅತ್ಯಂತ ಅನುಕೂಲಕರ. ಪಾಚಿ, ಚಿಪ್ಪುಜೀವಿಗಳ ನಿವಾರಣೆಗೆ ಬೆರೆಸುವ ಕ್ಲೋರಿನ್ ಸಹ ಕೊರೆತವನ್ನು ಹೆಚ್ಚಿಸುತ್ತದೆ. ಕುಳಿಕೊರೆತವನ್ನು ತಾಳುವ ಶಕ್ತಿಯನ್ನು ಸೂಚಿಸುವ ‘ಪ್ರೆನ್’ ಅಂಕ 316ಕ್ಕೆ ಸುಮಾರು 25. ಸಮುದ್ರದ ನೀರಿಗೆ ಸಾಮಾನ್ಯವಾಗಿ ಕೇಳುವುದು 40ಕ್ಕೂ ಮೇಲೆ. ಸೂಪರ್ ಡ್ಯೂಪ್ಲೆಕ್ಸ್ ಉಕ್ಕು ಆ ಮಟ್ಟದ್ದು.

ವಿದ್ಯುತ್ಕಾಂತೀಯ ಮಾಪಕವೇ ಇಲ್ಲಿ ಮೊದಲ ಆಯ್ಕೆ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವದ ಮೇಲೆ ನಡೆಯುವ ಇದಕ್ಕೆ ತಿರುಗುವ ಭಾಗಗಳಿಲ್ಲ. ಹರಿವಿಗೆ ಅಡ್ಡ ನಿಲ್ಲುವ ಬಿಲ್ಲೆಯೂ ಇಲ್ಲ. ಉಪ್ಪುನೀರು ಉತ್ತಮ ವಿದ್ಯುದ್ವಾಹಕವಾದ್ದರಿಂದ, ಕೊಳವೆಯನ್ನು ತಿನ್ನುವ ಲವಣವೇ ಅಳತೆಗೆ ನೆರವಾಗುತ್ತದೆ! ಒಳಮೈಗೆ ಗಟ್ಟಿ ರಬ್ಬರ್ ಇಲ್ಲವೆ ಟೆಫ್ಲಾನ್ ಹೊದಿಕೆ ಸಾಕು. ನೀರನ್ನು ಮುಟ್ಟುವ ಲೋಹವೆಂದರೆ ಪುಟ್ಟ ಎಲೆಕ್ಟ್ರೋಡ್‌ಗಳು ಮಾತ್ರ. ಅವು ಹ್ಯಾಸ್ಟೆಲಾಯ್ ಸಿ-276 ಅಥವಾ ಟೈಟಾನಿಯಂನವು ಆಗಿರಬೇಕು.

ಆದರೆ ಬಹಳಷ್ಟು ಮಂದಿ ಮರೆಯುವುದು ಅರ್ತಿಂಗ್ ಉಂಗುರವನ್ನು. ಪ್ಲಾಸ್ಟಿಕ್, ಫೈಬರ್‌ಗ್ಲಾಸ್ ಇಲ್ಲವೆ ಒಳಹೊದಿಕೆಯ ಕೊಳವೆಗಳಲ್ಲಿ ನೀರಿಗೆ ಅರ್ತಿಂಗ್ ಒದಗಿಸುವುದು ಸಾಮಾನ್ಯವಾಗಿ ಇದೇ. ಎಲೆಕ್ಟ್ರೋಡ್ ಟೈಟಾನಿಯಂನದು, ಉಂಗುರ ಮಾತ್ರ 316ರದು ಎಂದಾದರೆ ಕೆಲ ಸಾವಿರ ರೂಪಾಯಿಯ ಉಳಿತಾಯಕ್ಕೆ ಇಡೀ ಮಾಪಕವೇ ಅಡವು. ಆದ್ದರಿಂದ ಎರಡಕ್ಕೂ ಪ್ರತ್ಯೇಕ ಲೋಹ ಪರೀಕ್ಷಾ ಪ್ರಮಾಣಪತ್ರ ಕೇಳುವುದು ಕ್ಷೇಮ. ಟೈಟಾನಿಯಂ ಉಂಗುರವು ಸಾದಾ ಉಕ್ಕಿನ ಫ್ಲಾಂಜಿಗೆ ವಿದ್ಯುತ್ ಸಂಪರ್ಕ ಪಡೆದು ಎರಡೂ ನೀರನ್ನು ಮುಟ್ಟಿದರೆ ತಿನ್ನಿಸಿಕೊಳ್ಳುವುದು ಫ್ಲಾಂಜು ಎಂಬುದನ್ನೂ ಗಮನಿಸಬೇಕು.

ಹಳೆಯ ದೊಡ್ಡ ಕೊಳವೆಯನ್ನು ಕತ್ತರಿಸಲಾಗದಿದ್ದಲ್ಲಿ ಹೊರಗಿನಿಂದ ಬಿಗಿಯುವ ಅಲ್ಟ್ರಾಸಾನಿಕ್ ಮಾಪಕವುಂಟು. ಅದು ನೀರನ್ನು ಮುಟ್ಟುವುದೇ ಇಲ್ಲ. ಒಳಗೆ ತುಕ್ಕು, ಚಿಪ್ಪು ದಪ್ಪಗೆ ಕಟ್ಟಿದ್ದರೆ ಮಾತ್ರ ಅದರ ಲೆಕ್ಕ ತಪ್ಪುತ್ತದೆ.