ಅಮ್ಮ ಬಂದಾಗ ಮಾತ್ರೆ ಏಕೆ ಬೇಡ?

ಒಂದು ಶುಕ್ರವಾರ ಸಂಜೆ, ಶಂಶಾಬಾದಿನ ನಮ್ಮ ಮನೆಯಲ್ಲಿ ಆಫೀಸಿನ ಕಾಲ್‌ನಲ್ಲಿ ಕೂತಿದ್ದಾಗ ಬೆನ್ನು ಒಂದೇ ಸಮನೆ ತುರಿಸತೊಡಗಿತು. ಹಿಂದಿನ ದಿನದಿಂದ ಸಣ್ಣ ಜ್ವರವೂ ಇತ್ತು. ಕನ್ನಡಿಯಲ್ಲಿ ನೋಡಿಕೊಂಡರೆ ಹೊಟ್ಟೆ, ಬೆನ್ನಿನ ಮೇಲೆಲ್ಲ ನೀರು ತುಂಬಿದ ಪುಟ್ಟ ಪುಟ್ಟ ಗುಳ್ಳೆಗಳು. ಹಾಸನದಲ್ಲಿರುವ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ನೋಡಿದ ಕೂಡಲೇ ಅವಳು ಕೈ ಮುಗಿದಳು. "ಅಮ್ಮ ಬಂದಿದಾಳೆ ಕಣೆ. ಮಾತ್ರೆ ಗೀತ್ರೆ ನುಂಗಬೇಡ, ಉಗ್ರ ಆಗ್ತಾಳೆ. ಬೇವಿನ ಸೊಪ್ಪು ಹಾಸ್ಕೊಂಡು ಮಲ್ಕೋ." ಎದುರು ಮನೆಯ ತೆಲುಗು ಆಂಟಿಗೆ ಇದು 'ಆಟಲಮ್ಮ'. ಅವರೂ ನಮ್ಮ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಇದೇ ಮಾತನ್ನು ಹೇಳಿ ಹೋದರು.

ಎಂ.ಟೆಕ್. ಮಾಡಿದವಳು ನಾನು. ಆದರೂ ಇಬ್ಬರು ಹಿರಿಯರು ಎರಡು ಭಾಷೆಯಲ್ಲಿ ಒಂದೇ ಮಾತು ಹೇಳಿದಾಗ ಸುಮ್ಮನಾದೆ. ಚಿಕನ್ ಪಾಕ್ಸ್ ತಾನೇ, ಮಕ್ಕಳ ಕಾಯಿಲೆ, ತಾನಾಗಿಯೇ ಹೋಗುತ್ತದೆ ಅಂದುಕೊಂಡೆ. ಹಾಗೆ ಒಂದೂವರೆ ದಿನ ಕಳೆಯಿತು. ಆ ಒಂದೂವರೆ ದಿನಕ್ಕೆ ಎಷ್ಟು ಬೆಲೆ ಎಂದು ಆಗ ತಿಳಿದಿರಲಿಲ್ಲ. ಆಮೇಲೆ ಮುಚ್ಚಿದ ಕೋಣೆಯಲ್ಲಿ ಎರಡು ವಾರ ಮಲಗಿದ್ದಾಗ, ಮಾತ್ರೆ ಬೇಡ ಎನ್ನುವ ಈ ಮಾತು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದೆ. ಸಿಕ್ಕಿದ್ದು ಚಿಕನ್ ಪಾಕ್ಸಿನ ಕತೆಯಲ್ಲ, ಅದರ ಅಕ್ಕನ ಕತೆ.

ಅಕ್ಕ ಎಂದರೆ ಸಿಡುಬು, ನಮ್ಮ ಅಜ್ಜಿಯರ ಬಾಯಲ್ಲಿ ಮೈಲಿ ಬೇನೆ. ಬಂದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರನ್ನು ಒಯ್ಯುತ್ತಿತ್ತು, ಉಳಿದ ಕೆಲವರ ಕಣ್ಣು ಕಿತ್ತುಕೊಳ್ಳುತ್ತಿತ್ತು. ಅದಕ್ಕೆ ಯಾವ ಔಷಧಿಯೂ ಇರಲಿಲ್ಲ. ಔಷಧಿಯೇ ಇಲ್ಲದ ಕಾಯಿಲೆಗೆ ಸಿಕ್ಕ ಸಿಕ್ಕ ಕಷಾಯ ಕುಡಿಸಿ ಕೊಲ್ಲುವುದಕ್ಕಿಂತ, ತಣ್ಣಗೆ ಮಲಗಿಸಿ, ಮೊಸರನ್ನ ಎಳನೀರು ಕೊಟ್ಟು, ಹೊರಗಿನವರನ್ನು ಮನೆಯೊಳಗೆ ಬಿಡದೆ, ಮಾರಮ್ಮನಿಗೋ ಪೋಚಮ್ಮನಿಗೋ ಹರಕೆ ಹೊತ್ತದ್ದು ಮೂರ್ಖತನ ಎಂದು ನನಗಂತೂ ಅನಿಸುವುದಿಲ್ಲ. ಬಾಗಿಲಿನ ಬೇವು 'ಈ ಮನೆಗೆ ಬರಬೇಡಿ' ಎನ್ನುವ ಬೋರ್ಡು. ಕ್ವಾರಂಟೈನ್ ಎಂಬ ಪದ ನಾವು 2020ರಲ್ಲಿ ಕಲಿತೆವು, ಅಜ್ಜಿಯರಿಗೆ ಅದು ಮೊದಲೇ ಗೊತ್ತಿತ್ತು.

ತಡೆಯುವ ದಾರಿಯೂ ಒಂದಿತ್ತು. ಸಿಡುಬಿನ ಗುಳ್ಳೆಯಿಂದಲೇ ತೆಗೆದ ಕೀವನ್ನು ಆರೋಗ್ಯವಂತರ ಚರ್ಮಕ್ಕೆ ಚುಚ್ಚಿ, ಸಣ್ಣದಾಗಿ ಸಿಡುಬು ಬರಿಸುವುದು. ಬಂಗಾಳದಲ್ಲಿ ಊರೂರು ತಿರುಗಿ ಹೀಗೆ ಮಾಡುತ್ತಿದ್ದವರ ಬಗ್ಗೆ ಹಾಲ್ವೆಲ್ ಎಂಬಾತ 1767ರಲ್ಲಿ ಲಂಡನ್ನಿನಲ್ಲಿ ಬರೆದು ಪ್ರಕಟಿಸಿದ. ಅದೇ 1767ರಲ್ಲಿ, ಅದೇ ಲಂಡನ್ನಿನಲ್ಲಿ, ವಿಲಿಯಂ ಹೆಬರ್ಡನ್ ಎಂಬ ವೈದ್ಯ ಚಿಕನ್ ಪಾಕ್ಸ್ ಬೇರೆ, ಸಿಡುಬು ಬೇರೆ ಎಂದು ಸ್ಪಷ್ಟವಾಗಿ ವಿವರಿಸಿದ. ಅಲ್ಲಿ ಅಕ್ಕತಂಗಿಯರು ಬೇರೆಯಾದರು. ನಮ್ಮ ಮನೆಗಳಲ್ಲಿ ಇಬ್ಬರೂ 'ಅಮ್ಮ' ಆಗಿಯೇ ಉಳಿದರು.

1796ರಲ್ಲಿ ಜೆನ್ನರ್ ಹಸುವಿನ ಸಿಡುಬಿನಿಂದ ಲಸಿಕೆ ಮಾಡಿದ್ದು ಶಾಲೆಯಲ್ಲಿ ಓದಿದ್ದೇವೆ. ಅದೇ ವರ್ಷ ಮೈಸೂರಿನಲ್ಲಿ ಖಾಸಾ ಚಾಮರಾಜ ಒಡೆಯರ್ ಸಿಡುಬಿಗೆ ಬಲಿಯಾದರು. ಅವರ ಎಳೆಯ ಮಗನೇ ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ್. ಲಸಿಕೆ ಬಾಗ್ದಾದ್, ಬಸ್ರಾ ದಾಟಿ 1802ರಲ್ಲಿ ಮುಂಬಯಿ ತಲುಪಿತು. ಫ್ರಿಜ್ ಇಲ್ಲದ ಕಾಲವಲ್ಲವೇ, ಅದು ಬರುತ್ತಿದ್ದದ್ದು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ. ಆ ವರ್ಷದ ಜೂನ್ 14ರಂದು ಭಾರತದಲ್ಲಿ ಮೊದಲು ಲಸಿಕೆ ಪಡೆದದ್ದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗು. ಅವಳ ತೋಳಿನ ಗುಳ್ಳೆಯಿಂದ ಶುರುವಾದ ಸರಪಣಿಯೇ ಪುಣೆ, ಮದ್ರಾಸು, ನಮ್ಮ ಈ ಹೈದರಾಬಾದಿಗೂ ಬಂತು.

ಇಲ್ಲಿ ಮೈಸೂರಿನ ಮೂವರು ಹೆಂಗಸರನ್ನು ನಿಮಗೆ ಪರಿಚಯಿಸಬೇಕು. ಸುಮಾರು 1805ರಲ್ಲಿ ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದ ಬರೆದ ಒಂದು ತೈಲಚಿತ್ರವಿದೆ. ಮೈತುಂಬ ಒಡವೆ ಹಾಕಿಕೊಂಡ ಮೂವರು ಸ್ತ್ರೀಯರು. ಬಹುಕಾಲ ಅವರನ್ನು ನರ್ತಕಿಯರು ಎಂದುಕೊಂಡಿದ್ದರು. ಇತಿಹಾಸಕಾರ ನೈಜಲ್ ಚಾನ್ಸಲರ್ 2001ರಲ್ಲಿ ಬೇರೆಯದೇ ವಾದ ಮುಂದಿಟ್ಟರು. ಮಧ್ಯದಲ್ಲಿರುವವರು ರಾಜಮಾತೆ ಲಕ್ಷ್ಮಮ್ಮಣ್ಣಿ, ಅಕ್ಕಪಕ್ಕದಲ್ಲಿರುವವರು ಎಳೆಯ ಅರಸನ ಇಬ್ಬರು ರಾಣಿಯರು ಎಂದು. ಬಲಗಡೆಯ ದೇವಾಜಮ್ಮಣ್ಣಿ ಸೀರೆ ಸರಿಸಿ ತೋಳು ತೋರಿಸುತ್ತಾಳೆ. ಲಸಿಕೆ ಹಾಕಿಸಿಕೊಂಡ ಜಾಗ ಅದು. ಎಡಗಡೆಯವಳ ಬಾಯಿ ಮೂಗಿನ ಸುತ್ತ ಚರ್ಮ ಬಿಳಿಚಿದೆ, ಅದು ಹಳೆಯ ಪದ್ಧತಿಯ ಗುರುತು. ರಾಣಿಯೊಬ್ಬಳು ಲಸಿಕೆ ಪಡೆದದ್ದನ್ನು ಕಂಡು ಜನರೂ ಮುಂದೆ ಬಂದರು ಎಂಬ ದಾಖಲೆ 1806ರದು. ಎಲ್ಲ ಪಂಡಿತರೂ ಚಾನ್ಸಲರ್ ವಾದವನ್ನು ಒಪ್ಪಬೇಕಿಲ್ಲ. ನನಗೆ ಮಾತ್ರ ಆ ತೋಳು ನೋಡಿದರೆ ನಮ್ಮಜ್ಜಿಯ ತೋಳಿನ ಮೇಲಿದ್ದ ರೂಪಾಯಗಲದ ಎರಡು ಮೈಲಿ ಗುರುತು ನೆನಪಾಗುತ್ತದೆ. ಆ ಕಾಲದಲ್ಲಿ ಅರಮನೆಯ ಹೆಣ್ಣುಮಗಳು ಸೆರಗು ಸರಿಸಿ ತೋಳು ತೋರಿಸುವುದೆಂದರೆ ಸಣ್ಣ ಮಾತೇ?

ಮುಂದಿನ 170 ವರ್ಷಗಳನ್ನು ಬೇಗ ದಾಟುತ್ತೇನೆ. ಭಾರತದ ಕೊನೆಯ ಸಿಡುಬು ರೋಗಿ ಸೈಬನ್ ಬೀಬಿ, 1975ರ ಮೇ 24ರಂದು ಅಸ್ಸಾಮಿನ ಕರೀಂಗಂಜಿನಲ್ಲಿ ಪತ್ತೆಯಾದಳು. ಸಿಡುಬು ತೋರಿಸಿಕೊಟ್ಟವರಿಗೆ 1000 ರೂಪಾಯಿ ಬಹುಮಾನ ಎಂದು ಸರ್ಕಾರ ಪೋಸ್ಟರ್ ಅಂಟಿಸಿತ್ತು. ಮನೆ ಮನೆ ತಿರುಗುತ್ತಿದ್ದ ಕಾರ್ಯಕರ್ತರಿಗೆ ದೊಡ್ಡ ತಲೆನೋವು ಯಾವುದು ಗೊತ್ತೇ? ಚಿಕನ್ ಪಾಕ್ಸ್! ಮುಖ, ಅಂಗೈ, ಅಂಗಾಲಿನಲ್ಲಿ ಹೆಚ್ಚು, ಎಲ್ಲ ಗುಳ್ಳೆಗಳೂ ಒಂದೇ ಹದದಲ್ಲಿದ್ದರೆ ಸಿಡುಬು. ಹೊಟ್ಟೆ ಬೆನ್ನಿನಲ್ಲಿ ಹೆಚ್ಚು, ಒಂದು ಹೊಸದು ಒಂದು ಒಣಗಿದ್ದು ಬೆರೆತಿದ್ದರೆ ಚಿಕನ್ ಪಾಕ್ಸ್. ಎರಡನೆಯದಾದರೆ ಬಹುಮಾನವಿಲ್ಲ. 1980ರಲ್ಲಿ ಜಗತ್ತೇ ಸಿಡುಬು ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅಕ್ಕ ಹೋದಳು. ಅವಳ ಬೇವು, ಅವಳ ಹರಕೆ, ಅವಳ 'ಮಾತ್ರೆ ಬೇಡ' ಎಲ್ಲವೂ ತಂಗಿಗೆ ಬಂದವು.

ಆದರೆ ತಂಗಿಗೆ ಔಷಧಿ ಇದೆ. ಅಸೈಕ್ಲೋವಿರ್. ಅದು ಹುಟ್ಟಿದ್ದು ಅಮೆರಿಕದಲ್ಲಿ ಗರ್ಟ್ರೂಡ್ ಎಲಿಯನ್ ಎಂಬ ಮಹಿಳೆಯ ತಂಡದ ಕೈಯಲ್ಲಿ, 1970ರ ದಶಕದಲ್ಲಿ. ಹೆಣ್ಣೆಂಬ ಕಾರಣಕ್ಕೆ ಆಕೆಗೆ ಪ್ರಯೋಗಾಲಯದ ಕೆಲಸ ಸಿಗುವುದೇ ಕಷ್ಟವಾಗಿತ್ತು. ಕೆಲಸ ಬಿಡಲಾರದೆ ಪಿಎಚ್.ಡಿ. ಬಿಟ್ಟರು. 1988ರಲ್ಲಿ ಪಿಎಚ್.ಡಿ. ಇಲ್ಲದೆಯೇ ನೊಬೆಲ್ ಪಡೆದರು. ಜಪಾನಿನ ಮಿಚಿಯಾಕಿ ತಕಹಾಶಿ ತನ್ನ ಮಗ ಚಿಕನ್ ಪಾಕ್ಸಿನಿಂದ ನರಳಿದ್ದನ್ನು ಕಂಡು 1974ರ ಹೊತ್ತಿಗೆ ಲಸಿಕೆಯನ್ನೂ ಮಾಡಿದ್ದರು.

ಎಲಿಯನ್ನರ ಮಾತ್ರೆಗೆ ಒಂದು ಷರತ್ತಿದೆ. ಗುಳ್ಳೆ ಕಂಡ 24 ಗಂಟೆಯೊಳಗೆ ಶುರು ಮಾಡಿದರೆ ಅದರ ಪ್ರಯೋಜನ ಹೆಚ್ಚು. ಆರೋಗ್ಯವಾಗಿರುವ ಪುಟ್ಟ ಮಕ್ಕಳಿಗೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ. ದೊಡ್ಡವರಿಗೆ ಬಂದರೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ, ಬಸುರಿಯರಿಗಂತೂ ಇನ್ನೂ ಹೆಚ್ಚು. ನನ್ನ ಒಂದೂವರೆ ದಿನ ಹೋದದ್ದು ಇಲ್ಲಿ.

ಡಾಕ್ಟರನ್ನು ಹುಡುಕಿದ್ದೂ ಒಂದು ಕತೆ. ಹತ್ತಿರದಲ್ಲಿ ಸಿಕ್ಕ ಮೊದಲ ಜಾಗದಲ್ಲಿ ಲೇಸರ್, ಕೂದಲು, ಮುಖದ ಹೊಳಪು ಎಲ್ಲ ಇತ್ತು. ಚಿಕನ್ ಪಾಕ್ಸ್ ಎಂದ ಕೂಡಲೇ ಫೋನಿನಲ್ಲೇ ಬೇಡ ಎಂದರು. ಎರಡನೆಯ ಕಡೆಯ ಬೋರ್ಡಿನಲ್ಲಿ 'ಚರ್ಮ ಮತ್ತು ಗುಪ್ತರೋಗ ತಜ್ಞರು' ಎಂದಿತ್ತು. ಎದುರು ಮನೆ ಆಂಟಿ "ಅಲ್ಲಿಗಾ ಹೋಗ್ತೀಯಾ?" ಎಂದು ಮುಖ ಸಿಂಡರಿಸಿದರು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆ ರೋಗಗಳೂ ಕುಷ್ಠವೂ ಮೊದಲು ಚರ್ಮದ ಮೇಲೆ ಕಾಣುವುದರಿಂದ ನಮ್ಮಲ್ಲಿ ಮೂರನ್ನೂ ಒಟ್ಟಿಗೇ ಓದುತ್ತಾರೆ. ಹೆಸರಿನ ಮುಂದೆ ಎಂ.ಡಿ. (ಡಿ.ವಿ.ಎಲ್.) ಎಂದಿದೆಯೇ ಎಂದು ನೋಡಿ, ಅದೇ ಚರ್ಮತಜ್ಞರ ಓದು. ಫೋನ್ ಮಾಡಿ ವಿಷಯ ಹೇಳಿದೆ. ಬೇರೆ ರೋಗಿಗಳು ಹೋದ ಮೇಲೆ ಹಿಂಬಾಗಿಲಿನಿಂದ ಬನ್ನಿ ಎಂದರು. ನನ್ನಿಂದ ಒಬ್ಬ ಬಸುರಿಗೆ ಅಂಟಿದ್ದರೆ ಎಂದು ಅಲ್ಲಿಯವರೆಗೆ ನಾನು ಯೋಚಿಸಿಯೇ ಇರಲಿಲ್ಲ.

ಡಾಕ್ಟರಮ್ಮ ಮೊದಲು ಕೆಮ್ಮಿದೆಯೇ, ಉಸಿರು ಕಟ್ಟುತ್ತದೆಯೇ ಎಂದು ಕೇಳಿದರು. ತಡವಾಗಿದೆ, ಆದರೂ ಹೊಸ ಗುಳ್ಳೆ ಏಳುತ್ತಿವೆ ಎಂದು ಮಾತ್ರೆ ಬರೆದುಕೊಟ್ಟರು. ದಿನಕ್ಕೆ ಐದು ಸಲ, ಏಳು ದಿನ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಮಕ್ಕಳಿಗೆ ಬಂದರಂತೂ ಆಸ್ಪಿರಿನ್ ಕೊಡಲೇಬಾರದು ಎಂದರು. ಈ ವೈರಸ್ ನರಗಳಲ್ಲಿ ಅಡಗಿ ಕೂತು ವಯಸ್ಸಾದ ಮೇಲೆ ಸರ್ಪಸುತ್ತಾಗಿ ಏಳಬಹುದಂತೆ. ನಮ್ಮತ್ತೆಗೆ ಕೆಮ್ಮಣ್ಣು ಹಚ್ಚಿ ಕೂರಿಸಿದ್ದ ಸರ್ಪಸುತ್ತೂ ಇದೇ ಎಂದು ಆಗ ಗೊತ್ತಾಯಿತು. ಮಗಳಿಗೆ ಒಂದೇ ಡೋಸ್ ಲಸಿಕೆ ಆಗಿತ್ತು. ಚಿಕನ್ ಪಾಕ್ಸ್ ಲಸಿಕೆ ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ, ನಾವೇ ಕೇಳಿ ಹಾಕಿಸಬೇಕು. ಎರಡನೆಯದನ್ನು ಆ ವಾರವೇ ಹಾಕಿಸಿದೆವು.

ಕೊನೆಯ ಗುಳ್ಳೆ ಒಣಗಿದ ಮೇಲೆ ಅಮ್ಮ ಹಾಸನದಿಂದ ಬಂದಳು. ಬೇವಿನ ನೀರು ಕಾಯಿಸಿ ಎರೆದಳು. ಎದುರು ಮನೆ ಆಂಟಿಯ ಜೊತೆ ಪೋಚಮ್ಮನ ಗುಡಿಗೆ ಮೊಸರನ್ನ ಒಯ್ದಳು, ನಾನೂ ಹೋದೆ. ವಾಪಸ್ ಬಂದವಳು ಮೇಜಿನ ಮೇಲಿದ್ದ ಖಾಲಿ ಮಾತ್ರೆ ಪಟ್ಟಿಗಳನ್ನು ಒಂದೊಂದಾಗಿ ಎಣಿಸಿ, "ಇಷ್ಟೂ ನುಂಗಿದ್ಯೇನೆ?" ಎಂದಳು. ಹೂಂ ಎಂದೆ. "ಸರಿ ಬಿಡು, ಅಮ್ಮ ತಾಳಿಕೊಂಡಳು" ಎಂದು ಪಟ್ಟಿಗಳನ್ನು ಕಸದ ಬುಟ್ಟಿಗೆ ಹಾಕಿದಳು.