ಎತ್ತಿಗೆ ಹಲ್ಲು, ಫೋನಿಗೆ ಐಎಂಇಐ
ಕೃಷ್ಣಾ ತೀರದ ತಂಗಡಗಿ ಸೀಮೆಯ ರೈತರಿಗೆ ಬಳಸಿದ್ದನ್ನು ಪರೀಕ್ಷಿಸಿ ಕೊಳ್ಳುವುದನ್ನು ಕಲಿಸಿದ್ದು ದನದ ಸಂತೆ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಕಿಲಾರಿ ಎತ್ತುಗಳು ಸಾಲುಗಟ್ಟುತ್ತವೆ.

ಕೊಳ್ಳುವವನು ಮೊದಲು ಎತ್ತಿನ ತುಟಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಎರಡಾದರೆ ಎಳೆಯದು, ಎಂಟಾದರೆ ಬಾಯಿಗೂಡಿದ್ದು. ಆಮೇಲೆ ಸುಳಿ, ಗೊರಸು, ನಡಿಗೆ. ಹಾಯುವ ಚಟ ಮಾತ್ರ ಮೈಮೇಲೆ ಕಾಣದು. ಅದನ್ನು ಮಾರುವವನೇ ಬಾಯಿಬಿಟ್ಟು ಹೇಳಬೇಕು.

1930ರ ಸರಕು ಮಾರಾಟ ಕಾಯ್ದೆಯೂ ಇಂಥ ಪರೀಕ್ಷೆಯ ಹೊಣೆಯನ್ನು ಬಹುಪಾಲು ಕೊಳ್ಳುವವನ ಮೇಲೇ ಹೊರಿಸಿತು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವನಿಗೆ ದೂರುವ ದಾರಿ ತೆರೆಯಿತು.

ಬಳಸಿದ ಫೋನ್ ಕೊಳ್ಳುವಾಗಲೂ ಪರೀಕ್ಷೆ ಹೀಗೆಯೇ. ಹಳೆಯ ಫೋನಿನಲ್ಲಿ *#06# ಒತ್ತಿದರೆ ಅದರ 15 ಅಂಕಿಯ ಗುರುತಿನ ಸಂಖ್ಯೆ ಐಎಂಇಐ ಕಾಣುತ್ತದೆ. ಅದು ಬ್ಲಾಕ್ ಆಗಿದೆಯೇ ಎಂಬುದನ್ನು 2023ರಲ್ಲಿ ಶುರುವಾದ ಸರ್ಕಾರಿ ಜಾಲತಾಣ ಸಂಚಾರ್ ಸಾಥಿ ತಿಳಿಸುತ್ತದೆ. ಬದಲಿಸಿದ ಡಿಸ್‌ಪ್ಲೇ, ಸವೆದ ಬ್ಯಾಟರಿಯ ವಿವರವನ್ನು ಅಂಗಡಿಯವನೇ ಬಿಲ್ಲಿನ ಮೇಲೆ ಬರೆದುಕೊಡಬೇಕು.